ಗಬ್ಬು ಸಣ್ಣ ಸೇವಂತಿಯ ‘ಎಸಳು’: ಸರಿಯಾದ ಪದ ಯಾವುದು?

ಮಾನ್ಯರೇ,

ಚಿತ್ರದುರ್ಗದ ಕೋಟೆಯ ಕಲ್ಲುಸಂದುಗಳಲ್ಲಿಯೂ ದಾವಣಗೆರೆಯ ಸುತ್ತಲಿನ ಮೆಕ್ಕೆಜೋಳದ ಹೊಲಗಳ ಬದುಗಳಲ್ಲಿಯೂ ಕಾಣುವ, ಟ್ರೈಡಾಕ್ಸ್ ಪ್ರೊಕಂಬೆನ್ಸ್ ಎಂಬ ಶಾಸ್ತ್ರೀಯ ನಾಮದ ಕಳೆಗಿಡವನ್ನು ಕನ್ನಡದಲ್ಲಿ ವರ್ಣಿಸುವಾಗ ಎದುರಾಗುವ ಒಂದು ಪದದ ಬಗ್ಗೆ ತಮ್ಮ ಅಭಿಪ್ರಾಯವನ್ನು ಕೋರುತ್ತೇನೆ. ಉಷ್ಣವಲಯದ ಅಮೆರಿಕದಿಂದ ಬಂದು ನಮ್ಮಲ್ಲಿ ನೆಲೆಯೂರಿದ ಈ ಗಿಡಕ್ಕೆ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಹೆಸರಿಟ್ಟನು. ಕನ್ನಡದಲ್ಲಿ ಇದಕ್ಕೆ ‘ಗಬ್ಬು ಸಣ್ಣ ಸೇವಂತಿ’ ಎಂಬ ಹೆಸರಿದೆ. ಎಲೆಯ ರಸವನ್ನು ಗಾಯಕ್ಕೆ ಹಿಂಡುವ ರೂಢಿಯಿಂದ ‘ಗಾಯದ ಸೊಪ್ಪು’ ಎನ್ನುವುದೂ ಉಂಟು.

ಕಾಂಡವು ನೆಲದ ಮೇಲೆ ಹರಡಿ ತುದಿಯಲ್ಲಿ ಮೇಲೇಳುತ್ತದೆ. ಒರಟಾದ ರೋಮಗಳುಳ್ಳ, ಅಂಚು ಹಲ್ಲುಹಲ್ಲಾದ ಎಲೆಗಳು ಎದುರುಬದುರಾಗಿರುತ್ತವೆ. ನೀಳವಾದ ತೊಟ್ಟಿನ ತುದಿಯಲ್ಲಿ ಒಂದೇ ಹೂವು, ನಡುವೆ ಹಳದಿ, ಅಂಚಿನಲ್ಲಿ ಸಾಮಾನ್ಯವಾಗಿ ಐದಾರು ತಿಳಿಹಳದಿ ಪಟ್ಟಿಗಳು. ಇದನ್ನು ಬೇರೆ ಕಳೆಗಳಿಂದ ಬೇರ್ಪಡಿಸಿ ಗುರುತಿಸುವುದಾದರೆ, ಕಾಂಗ್ರೆಸ್ ಗಿಡದ ಎಲೆ ಆಳವಾಗಿ ಸೀಳಿರುತ್ತದೆ, ಅದರ ಪುಟ್ಟ ಬಿಳಿ ಹೂಗಳು ಗೊಂಚಲಾಗಿರುತ್ತವೆ. ಗರುಗದ ಹೂವಿನಲ್ಲಿ ಎಳೆಯಂಥ ಬಿಳಿ ಪಟ್ಟಿಗಳು ಹಲವಿದ್ದು, ಅದರ ಬೀಜಕ್ಕೆ ಗಾಳಿಯಲ್ಲಿ ತೇಲಿಸುವ ರೋಮದ ಕುಚ್ಚಿಲ್ಲ; ನಮ್ಮ ಗಿಡದ ಬೀಜಕ್ಕೆ ಅದು ಸ್ಪಷ್ಟವಾಗಿದೆ.

ತೊಡಕಿರುವುದು ಅಂಚಿನ ಆ ಪಟ್ಟಿಗಳಲ್ಲಿ. ಅವನ್ನು ‘ಎಸಳು’ ಎಂದು ಬರೆಯುವುದು ವಾಡಿಕೆ; ಆದರೆ ಸೂರ್ಯಕಾಂತಿಯ ಕುಟುಂಬದಲ್ಲಿ ನಾವು ಒಂದು ಹೂವೆಂದು ಕಾಣುವುದು ಹಲವು ಕಿರುಹೂಗಳ ಸಮೂಹವಾದ್ದರಿಂದ, ತುದಿಯಲ್ಲಿ ಸಾಮಾನ್ಯವಾಗಿ ಮೂರು ಹಲ್ಲುಗಳಿರುವ ಆ ಪ್ರತಿಯೊಂದು ಪಟ್ಟಿಯೂ ತನ್ನದೇ ಅಂಡಾಶಯವುಳ್ಳ ಒಂದು ಹೆಣ್ಣುಹೂವು. ನಡುವಿನ ಕೊಳವೆಯಾಕಾರದ ಹೂಗಳಾದರೋ ದ್ವಿಲಿಂಗಿಗಳು. ಸೇವಂತಿಗೆಯ ಎಸಳು ಎಂದು ಹೂ ಕಟ್ಟುವವರು ಹೇಳುವುದಕ್ಕೆ ನನ್ನ ಆಕ್ಷೇಪವಿಲ್ಲ. ಆಡುಮಾತಿನಲ್ಲಿ ಅದು ಸಹಜವೇ. ಸಸ್ಯವರ್ಣನೆಯಲ್ಲಿ ಮಾತ್ರ ‘ಐದು ಎಸಳಿನ ಹೂವು’ ಎಂದರೆ ಓದುಗನಿಗೆ ದಾಸವಾಳದಂಥ ಒಂಟಿ ಹೂವಿನ ರಚನೆಯೇ ಮನಸ್ಸಿಗೆ ಬರುತ್ತದೆ.

ಆದ್ದರಿಂದ ‘ಅಂಚುಹೂ’, ‘ನಡುಹೂ’ ಎಂಬ ಜೋಡಿಯನ್ನು ಬಳಸಬಹುದೆಂದು ನನಗೆ ತೋರುತ್ತದೆ. ಇವಕ್ಕಿಂತ ಹೊಂದುವ ಪದಗಳು ಕೃಷಿಕರ ಅಥವಾ ಹೂವಾಡಿಗರ ಮಾತಿನಲ್ಲಿ ಈಗಾಗಲೇ ಇದ್ದರೆ, ಯಾವ ಊರಿನ ಬಳಕೆ ಎಂಬುದರೊಂದಿಗೆ ದಯವಿಟ್ಟು ತಿಳಿಸಬೇಕು.