ಸ್ವಂತವಾಗಿ ತೋಟದ ಕೆಲಸ ಹಿಡಿಯುವುದು: ದರ ಹೇಗೆ ಕಟ್ಟಬೇಕು, ಏನೇನು ಬರೆದುಕೊಳ್ಳಬೇಕು?

ಹೊಸಚಿಗುರು ಕೇಳಿದ್ದು:

ಗಿಡಗಳ ಕೆಲಸ ಗೊತ್ತಿದೆ. ಸವರುವುದು, ಕುಂಡ ಬದಲಿಸುವುದು, ಹುಲ್ಲು ಕತ್ತರಿಸುವುದು, ಕಳೆ ತೆಗೆಯುವುದು ಎಲ್ಲ ಮಾಡುತ್ತೇನೆ. ಇನ್ನು ಮುಂದೆ ಇನ್ನೊಬ್ಬರ ಕೈಕೆಳಗೆ ದುಡಿಯದೆ ಮನೆಗಳ ತೋಟ ನಾನೇ ಹಿಡಿಯಬೇಕೆಂದಿದ್ದೇನೆ. ತಿಳಿಯದಿರುವುದು ವ್ಯವಹಾರದ ಭಾಗ. ದರ ಗಂಟೆಗೆ ಹೇಳಬೇಕೋ, ತಿಂಗಳಿಗೋ? ಮೊದಲ ಸಲ ನೋಡಲು ಹೋದಾಗ ಏನು ಗಮನಿಸಬೇಕು? ನಾನು ಹೋಗದ ದಿನಗಳಲ್ಲಿ ಗಿಡ ಸತ್ತರೆ ಹೊಣೆ ಯಾರದು? ಶುರುವಿಗೆ ಯಾವ ಸಲಕರಣೆ ಸಾಕು? ಗೊತ್ತಿರುವವರು ಲೆಕ್ಕ ಸಮೇತ ಹೇಳಿದರೆ ಉಪಕಾರ.

ವಾರೆಗುದ್ದಲಿ:

ದರದ ಬಗ್ಗೆ ಮಾತ್ರ ಹೇಳುತ್ತೇನೆ, ಹೆಚ್ಚಿನವರು ಮುಗ್ಗರಿಸುವುದು ಅಲ್ಲೇ.

ದಿನಕ್ಕೆ 8 ಗಂಟೆ ದುಡಿದರೂ 8 ಗಂಟೆಗೆ ದುಡ್ಡು ಬರುವುದಿಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಓಡಾಟ, ಗೊಬ್ಬರ ತರುವುದು, ಸಲಕರಣೆ ತೊಳೆದು ಹರಿತ ಮಾಡುವುದು, ಫೋನಿನಲ್ಲಿ ಮಾತು, ಹೊಸ ಜಾಗ ನೋಡಿಬರುವುದು ಇವೆಲ್ಲ ಸೇರಿ 3 ಗಂಟೆ ತಿನ್ನುತ್ತವೆ. ಉಳಿಯುವುದು 5. ತಿಂಗಳಿಗೆ 25 ದಿನ ಹಿಡಿದರೆ 125 ಗಂಟೆ. ಮಳೆಗೋ ಜ್ವರಕ್ಕೋ 3 ದಿನ ಹೋದರೆ 110. ಈಗ ಮನೆಖರ್ಚು, ಓಡಾಟದ ಖರ್ಚು, ಸಲಕರಣೆ ಸವೆತ, ಆಪತ್ತಿಗೆಂದು ತೆಗೆದಿಡುವ ಹಣ ಎಲ್ಲ ಕೂಡಿಸಿ 110ರಿಂದ ಭಾಗಿಸಿ. ಅದು ನಿಮ್ಮ ಗಂಟೆಯ ಕನಿಷ್ಠ ದರ. 25×8 ಅಂತ 200ರಿಂದ ಭಾಗಿಸುವವರು ಕೈತುಂಬ ಕೆಲಸ ಇದ್ದರೂ ತಿಂಗಳ ಕೊನೆಗೆ ಸಾಲ ಕೇಳುತ್ತಾರೆ.

ಆದರೆ ಈ ದರ ನಿಮ್ಮ ಪುಸ್ತಕದಲ್ಲಿರಲಿ, ಗಿರಾಕಿಗೆ ಹೇಳಬೇಡಿ. ಗಂಟೆ ಲೆಕ್ಕಕ್ಕೆ ಒಪ್ಪಿಕೊಂಡರೆ ಕೈ ಚುರುಕಾದಷ್ಟೂ ಸಂಪಾದನೆ ಇಳಿಯುತ್ತದೆ, ಮೇಲಾಗಿ ಮನೆಯವರು ಗಡಿಯಾರ ನೋಡುತ್ತ ನಿಲ್ಲುತ್ತಾರೆ. ಒಂದು ಭೇಟಿಗೆ ಇಷ್ಟು, ಅದರಲ್ಲಿ ಇಂತಿಂಥ ಕೆಲಸ, ತಿಂಗಳಿಗೆ ಇಷ್ಟು ಭೇಟಿ ಅಂತ ಹೇಳಿ.

ಇನ್ನೊಂದು: ವರ್ಷಗಟ್ಟಲೆ ಬಿಟ್ಟ ತೋಟದ ಮೊದಲ ಶುಚಿಗೊಳಿಸುವಿಕೆಯನ್ನು ತಿಂಗಳ ದರದೊಳಗೆ ಸೇರಿಸಲೇಬೇಡಿ. 2 ಗಂಟೆಯಲ್ಲಿ ನಿಭಾಯಿಸಬಹುದಾದ ಜಾಗ ಮೊದಲ ಸಲ 6 ಗಂಟೆ ಕೇಳುವುದು ಮಾಮೂಲು. ಅದಕ್ಕೆ ಬೇರೆಯೇ ಮೊತ್ತ, ಅರ್ಧ ಮುಂಗಡ.

ಬೇರುಮಟ್ಟ:

ವಾರೆಗುದ್ದಲಿಯವರ ಲೆಕ್ಕ ಸರಿ. ಆದರೆ ಜಾಗ ಸರಿಯಾಗಿ ನೋಡದೆ ಭೇಟಿಯ ದರ ಹೇಳಿದರೆ ಅದೂ ಮುಳುಗುತ್ತದೆ. ನೋಡಲು ಹೋಗುವಾಗ ಅಳತೆ ಟೇಪು, 10 ಲೀಟರ್ ಬಕೆಟ್, ಸಣ್ಣ ಗುದ್ದಲಿ ಒಯ್ಯಿರಿ.

ಮೊದಲು ನಲ್ಲಿ. ಬಕೆಟ್ ಇಟ್ಟು ತುಂಬಲು ಎಷ್ಟು ಹೊತ್ತು ಅಂತ ನೋಡಿ. 30 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 20 ಲೀಟರ್, 2 ನಿಮಿಷ ಹಿಡಿದರೆ ಬರೀ 5. 60 ಕುಂಡಕ್ಕೆ ತಲಾ ಒಂದೂವರೆ ಲೀಟರ್ ಅಂದರೂ 90 ಲೀಟರ್ ಬೇಕು. ಮೊದಲ ನಲ್ಲಿಯಲ್ಲಿ ಅದು ನಾಲ್ಕೂವರೆ ನಿಮಿಷದ ನೀರು, ಎರಡನೆಯದರಲ್ಲಿ 18 ನಿಮಿಷ. ಪೈಪು ಎಳೆದಾಡುವ ಹೊತ್ತು ಇದಕ್ಕೆ ಸೇರಿಲ್ಲ. ವಾರಕ್ಕೆರಡು ಭೇಟಿಯಾದರೆ ಈ ವ್ಯತ್ಯಾಸ ತಿಂಗಳಿಗೆ ಎರಡು ಗಂಟೆಯ ಹತ್ತಿರ ಹೋಗುತ್ತದೆ.

ಆಮೇಲೆ ನೆಲ. ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ ಪೂರ್ತಿ ಇಂಗಲು ಬಿಡಿ. ಮತ್ತೆ ತುಂಬಿಸಿ, ಗಂಟೆಗೆ ಎಷ್ಟು ಇಳಿಯಿತೆಂದು ಅಳೆಯಿರಿ. ಎರಡೂವರೆ ಸೆಂ.ಮೀ.ಗಿಂತ ಕಡಿಮೆ ಇಳಿದರೆ ಅಲ್ಲಿ ನೀರು ನಿಲ್ಲುತ್ತದೆ. ಗುಲಾಬಿಯಂಥದ್ದನ್ನು ಅಲ್ಲಿ ನೆಟ್ಟು ಗ್ಯಾರಂಟಿ ಕೊಡಬೇಡಿ. ಏರುಮಡಿ ಮಾಡಿಸಿಕೊಳ್ಳಿ ಅನ್ನಿ, ಅದು ಬೇರೆ ಕೆಲಸ. ಬಿಸಿಲು ಎಲ್ಲಿ, ಎಷ್ಟು ಹೊತ್ತು ಬೀಳುತ್ತದೆಂದು ಮನೆಯವರನ್ನೇ ಕೇಳಿದರೂ ಪೂರ್ತಿ ನಂಬಬೇಡಿ. ಬೆಳಿಗ್ಗೆ 9, ಮಧ್ಯಾಹ್ನ 12, 3ಕ್ಕೆ ಒಂದೊಂದು ಫೋಟೋ ಕಳಿಸಲು ಹೇಳಿ.

ಸತ್ತ ಗಿಡದ ಜಗಳ ತಪ್ಪಿಸಲು ಮೊದಲ ದಿನವೇ ಪ್ರತಿ ಗಿಡದ ಫೋಟೋ, ಆಗಲೇ ಸೊರಗಿದವುಗಳ ಪಟ್ಟಿ. ಅದನ್ನು ಅವರ ಮೊಬೈಲಿಗೆ ಅಂದೇ ಕಳಿಸಿ. ಕುಂಡದ ಗಿಡ ಸಾಯುವುದು ಹೆಚ್ಚಾಗಿ ನೀರು ಜಾಸ್ತಿಯಾಗಿ, ಆದರೆ ಮನೆಯವರಿಗೆ ಕಾಣುವುದು ಬಾಡಿದ ಎಲೆ. ಬೇರು ಕೊಳೆತಾಗ ನೀರು ಮೇಲೇರದೆ ಎಲೆ ಬಾಡುತ್ತದೆ, ಅದನ್ನು ನೋಡಿ ಇನ್ನೊಂದು ಚೊಂಬು ಸುರಿಯುತ್ತಾರೆ, ಅಲ್ಲಿಗೆ ಗಿಡದ ಕಥೆ ಮುಗಿಯಿತು. ಗಿಡ ಎತ್ತಿ ತೋರಿಸಿ: ಒಣಗಿ ಸತ್ತ ಬೇರು ಗರಿಗರಿ ಮುರಿಯುತ್ತದೆ; ಕೊಳೆತದ್ದು ಕಂದಾಗಿ ಲೋಳೆ ಹಿಡಿದು ನಾರುತ್ತದೆ, ಎಳೆದರೆ ಮೇಲಿನ ಸಿಪ್ಪೆ ಕಳಚಿ ಒಳಗಿನ ದಾರದಂಥ ನಾರು ಮಾತ್ರ ಕೈಗೆ ಬರುತ್ತದೆ. ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ, ಒದ್ದೆಯಿದ್ದರೆ ನೀರು ಬೇಡ ಅಂತ ಒಮ್ಮೆ ಕಲಿಸಿಕೊಟ್ಟರೆ ಅರ್ಧ ತಂಟೆ ಕಡಿಮೆ.

ಕರಾರು ಒಂದೇ ಹಾಳೆ ಸಾಕು. ಹೀಗೆ ಬರೆಯಬಹುದು: "ವಾರಕ್ಕೆ ಒಂದು ಭೇಟಿ, ಎರಡು ಗಂಟೆ. ಕಳೆ, ಸವರುವಿಕೆ, ಹುಲ್ಲು ಕತ್ತರಿಸುವುದು, ರೋಗ ಕೀಟ ನೋಡುವುದು ಸೇರಿದೆ. ಗಿಡ, ಮಣ್ಣು, ಗೊಬ್ಬರದ ಬೆಲೆ ಬೇರೆ. ಉಳಿದ ದಿನಗಳ ನೀರು ಮನೆಯವರದು. ಆಳೆತ್ತರಕ್ಕಿಂತ ಮೇಲಿನ ಮರದ ಕೆಲಸ ಸೇರಿಲ್ಲ. ಮಳೆಯಿಂದ ತಪ್ಪಿದ ಭೇಟಿ ಆ ವಾರದೊಳಗೆ ಇನ್ನೊಂದು ದಿನ." ನಾವೇ ತಂದು ನಾವೇ ನೆಟ್ಟ ಗಿಡಕ್ಕೆ ಮಾತ್ರ 30 ದಿನದ ಬದಲಿ ಖಾತರಿ ಕೊಡಿ, ಅದೂ ನೀರು ನಮ್ಮ ಕೈಯಲ್ಲಿದ್ದರೆ ಅಥವಾ ಹನಿ ನೀರಾವರಿ ಇದ್ದರೆ.

ಮೊನಚು:

ಸಲಕರಣೆಗೆ ಬರುತ್ತೇನೆ. ಶುರುವಿಗೆ ಬೇಕಾದದ್ದು: ಎರಡು ಅಲಗು ಪಕ್ಕಪಕ್ಕ ಜಾರುವ ಬೈಪಾಸ್ ಕತ್ತರಿ, ಎರಡು ಕೈಯಲ್ಲಿ ಹಿಡಿಯುವ ಉದ್ದ ಹಿಡಿಯ ಕೊಂಬೆಕತ್ತರಿ (ಲಾಪರ್), ಮಡಚುವ ಗರಗಸ, ಬೇಲಿಗಿಡದ ಕತ್ತರಿ, ಕುರ್ಪಿ, ಕಸ ಎಳೆಯುವ ಹಲ್ಲುಕೋಲು, ಟಾರ್ಪಾಲಿನ್, ಸಾಣೆಕಲ್ಲು, ಗ್ಲೌಸು, ಕನ್ನಡಕ. ಹುಲ್ಲು ಕತ್ತರಿಸುವ ಯಂತ್ರವನ್ನು ಮೊದಲೇ ಕೊಳ್ಳಬೇಡಿ. ವಾರಕ್ಕೆ ನಾಲ್ಕಾರು ಹುಲ್ಲುಹಾಸು ಖಾಯಂ ಆಗುವವರೆಗೆ ಬಾಡಿಗೆ ಸಾಕು.

ಒಂದು ಅಲಗು ತಟ್ಟೆಯ ಮೇಲೆ ಕೂರುವ ಆನ್ವಿಲ್ ಕತ್ತರಿ ಒಣಕೊಂಬೆಗೆ ಸರಿ, ಹಸಿಕೊಂಬೆಯನ್ನು ಜಜ್ಜುತ್ತದೆ. ಜಜ್ಜಿದಲ್ಲಿಂದ ಕೊಂಬೆ ಒಣಗುತ್ತಾ ಕೆಳಗಿಳಿಯುತ್ತದೆ. ಬೈಪಾಸ್‌ನಲ್ಲೂ ಹರಿತ ಅಲಗು ಗಿಡದಲ್ಲಿ ಉಳಿಯುವ ಭಾಗದ ಕಡೆಗಿರಬೇಕು, ದಪ್ಪ ಕೊಕ್ಕೆ ಬಿದ್ದುಹೋಗುವ ಕಡೆಗೆ. 2 ಸೆಂ.ಮೀ. ದಪ್ಪದವರೆಗೆ ಕೈಕತ್ತರಿ, 4ರವರೆಗೆ ಲಾಪರ್, ಅದರಾಚೆ ಗರಗಸ. ಕತ್ತರಿ ತಿರುಚಿ ಕತ್ತರಿಸಿದರೆ ಅಲಗುಗಳ ನಡುವೆ ಸಂದು ಬೀಳುತ್ತದೆ, ಆಮೇಲೆ ಸಾಣೆ ಹಿಡಿದೂ ಪ್ರಯೋಜನವಿಲ್ಲ. ಸಾಣೆ ಇಳಿಜಾರು ಬದಿಗೆ ಮಾತ್ರ. ಚಪ್ಪಟೆ ಬದಿಯಲ್ಲಿ ಕಲ್ಲನ್ನು ಮಲಗಿಸಿ ಒಮ್ಮೆ ಎಳೆದು ಎದ್ದ ಸಿಬಿರು ತೆಗೆದರೆ ಸಾಕು.

ಮನೆಯಿಂದ ಮನೆಗೆ ರೋಗ ಹೊತ್ತೊಯ್ಯುವುದೂ ನಾವೇ. ಪ್ರತಿ ಮನೆ ಮುಗಿದ ಮೇಲೆ, ರೋಗದ ಗಿಡವಾದರೆ ಗಿಡದಿಂದ ಗಿಡಕ್ಕೆ, 70 ಶೇಕಡ ಆಲ್ಕೊಹಾಲಿನಲ್ಲಿ ಅಲಗು ಒರೆಸಿ. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಕೂಡ ಆಗುತ್ತದೆ, ಆದರೆ ತೊಳೆದು ಎಣ್ಣೆ ಸವರದಿದ್ದರೆ ತುಕ್ಕು ಗ್ಯಾರಂಟಿ.

ದಪ್ಪ ಕೊಂಬೆಯನ್ನು ಮೇಲಿನಿಂದ ಒಂದೇ ಏಟಿಗೆ ಕೊಯ್ದರೆ ಅದು ಬೀಳುತ್ತಾ ಕಾಂಡದ ತೊಗಟೆಯನ್ನೇ ಸೀಳಿಕೊಂಡು ಹೋಗುತ್ತದೆ. ಕಾಂಡದಿಂದ ಒಂದಡಿ ಆಚೆ, ಕೆಳಗಿನಿಂದ ಮೂರನೇ ಒಂದು ಪಾಲು ಕೊಯ್ಯಿರಿ. ಅದಕ್ಕಿಂತ ಸ್ವಲ್ಪ ಆಚೆ ಮೇಲಿನಿಂದ ಕೊಯ್ದು ಭಾರ ಬೀಳಿಸಿ. ಉಳಿದ ಮೋಟನ್ನು, ಕೊಂಬೆ ಕಾಂಡಕ್ಕೆ ಸೇರುವಲ್ಲಿರುವ ಉಬ್ಬಿನ ಹೊರಗೆ ಕೊಯ್ದು ತೆಗೆಯಿರಿ. ಉಬ್ಬನ್ನು ಕೊಯ್ದರೆ ಗಾಯ ಮುಚ್ಚುವುದಿಲ್ಲ, ಮೋಟು ಉದ್ದ ಬಿಟ್ಟರೆ ಕೊಳೆಯುತ್ತದೆ.

ಹುಲ್ಲನ್ನು ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ. "ಇನ್ನೂ ಗಿಡ್ಡ ಮಾಡಿ, ಹದಿನೈದು ದಿನ ಬರುವುದು ಬೇಡ" ಅನ್ನುವ ಗಿರಾಕಿ ಇದ್ದೇ ಇರುತ್ತಾರೆ. ಹಾಗೆ ಬೋಳಿಸಿದರೆ ಬೇರು ಸೊರಗಿ, ನೆಲಕ್ಕೆ ಬಿಸಿಲು ಬಿದ್ದು, ಕಳೆ ಮೊದಲು ಏಳುತ್ತದೆ. ಆ ಕಳೆ ಕೀಳುವವರು ನೀವೇ.

ಹೊಸಚಿಗುರು:

ಎಲ್ಲರಿಗೂ ಧನ್ಯವಾದ, 200ರಿಂದ ಭಾಗಿಸುವವರಲ್ಲಿ ನಾನೂ ಒಬ್ಬನಾಗುತ್ತಿದ್ದೆ. ಇನ್ನೆರಡು ಸಂಶಯ: ಕೀಟಕ್ಕೆ ಔಷಧಿ ಹೊಡೆಯುವುದನ್ನು ದರದಲ್ಲಿ ಸೇರಿಸಬಹುದೇ? ಕತ್ತರಿಸಿದ ಕಸ ಯಾರು ಸಾಗಿಸಬೇಕು?

ಬೇರುಮಟ್ಟ:

ರಾಸಾಯನಿಕ ಔಷಧಿ ಬೇಡ. ದುಡ್ಡು ತೆಗೆದುಕೊಂಡು ಬೇರೆಯವರ ಜಾಗದಲ್ಲಿ ಹೊಡೆಯಲು ಅನೇಕ ದೇಶಗಳಲ್ಲಿ ಪರವಾನಗಿ ಬೇಕು. ಹಿಟ್ಟುತಿಗಣೆ, ಸಸ್ಯಹೇನಿಗೆ ಮೊದಲು ಜೋರು ನೀರು, ಕೊಂಬೆ ಸವರುವುದು. ಆಮೇಲೆ ಬೇವಿನೆಣ್ಣೆ: ಲೀಟರ್ ಉಗುರುಬೆಚ್ಚಗಿನ ನೀರಿಗೆ 1–2 ಮಿ.ಲೀ. ದ್ರವ ಸಾಬೂನು ಮೊದಲು ಕಲಸಿ, ನಂತರ 5 ಮಿ.ಲೀ. ಎಣ್ಣೆ. ಸಾಬೂನಿಲ್ಲದೆ ಹಾಕಿದರೆ ಎಣ್ಣೆ ಮೇಲೆ ತೇಲಿ, ಸ್ಪ್ರೇಯರಿನ ಕೊನೆಯ ನೀರು ಗಿಡವನ್ನು ಸುಡುತ್ತದೆ. ಎಲೆಯ ಅಡಿಭಾಗಕ್ಕೆ ಬೀಳಬೇಕು, ಸಂಜೆ ಹೊಡೆಯಬೇಕು, ಕಲಸಿದ್ದನ್ನು ಅಂದೇ ಮುಗಿಸಬೇಕು. ಹೊಸ ಗಿಡಕ್ಕೆ ಒಂದೆರಡು ಎಲೆಗೆ ಹೊಡೆದು ಎರಡು ದಿನ ನೋಡಿ. ವಾರ ಬಿಟ್ಟು ಮತ್ತೊಮ್ಮೆ ಹೊಡೆಯದಿದ್ದರೆ ಮೊಟ್ಟೆಯಿಂದ ಹೊರಬಂದವು ಮತ್ತೆ ತುಂಬಿಕೊಳ್ಳುತ್ತವೆ. ಹಾಗಾಗಿ ದರ ಎರಡು ಸಲದ್ದು ಹೇಳಿ.

ವಾರೆಗುದ್ದಲಿ:

ಕಸ: ಕರಾರಿನಲ್ಲಿ "ಭೇಟಿಗೆ ಎರಡು ಚೀಲದವರೆಗೆ, ಗೇಟಿನ ಹತ್ತಿರ ಇಡುವುದು" ಅಂತ ಬರೆಯಿರಿ. ಸಾಗಿಸಬೇಕಿದ್ದರೆ ಗಾಡಿಯ ಖರ್ಚಿನ ಜೊತೆಗೆ ತುಂಬಿ ಇಳಿಸುವ ಹೊತ್ತನ್ನೂ ಸೇರಿಸಿ. ಜಾಗವಿರುವ ಮನೆಯಲ್ಲಿ ಒಂದು ಮೂಲೆ ಕೇಳಿ ಗೊಬ್ಬರದ ಗುಡ್ಡೆ ಹಾಕಿ, ಒಣಗಿದ್ದು ಎರಡು ಮೂರು ಪಾಲು, ಹಸಿಯದು ಒಂದು ಪಾಲು. ಬರೀ ಹಸಿ ಹುಲ್ಲು ಒಟ್ಟಿದರೆ ಎರಡೇ ದಿನಕ್ಕೆ ನಾತ ಎದ್ದು, ಪಕ್ಕದ ಮನೆಯವರ ದೂರು ಬರುತ್ತದೆ. ರೋಗದ ಎಲೆ, ಬೀಜ ಕಟ್ಟಿದ ಕಳೆ ಅದಕ್ಕೆ ಹಾಕಬೇಡಿ.

ಮನೆಗಳನ್ನು ಹಿಡಿಯುವಾಗ ಒಂದೇ ದಾರಿಯಲ್ಲಿರುವ ಮೂರು ಮನೆ, ದೂರದೂರದ ಐದು ಮನೆಗಿಂತ ಮೇಲು. ವಾರದಲ್ಲಿ ಅರ್ಧ ದಿನ ಯಾರಿಗೂ ಕೊಡಬೇಡಿ, ಮಳೆಗೆ ತಪ್ಪಿದ ಭೇಟಿಗೆ ಅದು ಬೇಕಾಗುತ್ತದೆ.