ಅಪ್‌ಡೇಟ್: ಸೋರಿಯಾಸಿಸ್ ಮಾತ್ರೆ ಜೊತೆ ಕುಡಿತ, ಸಿಗರೇಟು

ಸೋರಿಯಾಸಿಸ್‌ಗೆ (ಚರ್ಮ ಕೆಂಪಾಗಿ ಹೊಟ್ಟು ಏಳೋ ಕಾಯಿಲೆ) ಮೆಥೋಟ್ರೆಕ್ಸೇಟ್ ಮಾತ್ರೆ ತಗೊಳ್ತಿರೋ ನಮ್ಮಣ್ಣ ವಾರಾಂತ್ಯದ ಕುಡಿತ, ದಿನಾ ಸಿಗರೇಟು ಮುಂದುವರಿಸಬಹುದಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಚರ್ಮದ ಡಾಕ್ಟರ ಹತ್ತಿರ ಅವನ ಜೊತೆ ನಾನೂ ಹೋಗಿದ್ದೆ.

ಕುಡಿಯಲೇಬೇಡಿ ಅಂದ್ರು ಮೇಡಂ. ಮಾತ್ರೆಯೂ ಮದ್ಯವೂ ಲಿವರ್‌ಗೇ ಹೊರೆ. ಅಣ್ಣನಿಗೆ ಸಕ್ಕರೆ ಕಾಯಿಲೆ, ಬೊಜ್ಜು ಬೇರೆ ಇರೋದ್ರಿಂದ ಅಪಾಯ ಇನ್ನೂ ಜಾಸ್ತಿ. ಈ ಸಲ ರಕ್ತಪರೀಕ್ಷೆಯಲ್ಲಿ ಲಿವರ್ ಎನ್‌ಜೈಮ್ ಏರಿತ್ತು, ಸದ್ಯಕ್ಕೆ ಮಾತ್ರೆ ನಿಲ್ಲಿಸಿದ್ದಾರೆ. "ಮಾತ್ರೆ ತಗೊಳ್ಳೋ ದಿನ ಬಿಟ್ಟು ಬೇರೆ ದಿನ ಕುಡಿದ್ರೆ?" ಅಂದ ಅಣ್ಣ. ವಾರಕ್ಕೊಂದೇ ದಿನ ನುಂಗಿದರೂ ಔಷಧಿ ಜೀವಕೋಶಗಳಲ್ಲಿ ಉಳಿದಿರುತ್ತೆ, ಆ ಲೆಕ್ಕ ನಡೆಯಲ್ಲ ಅಂದ್ರು. ಹೆಣ್ಣುಮಕ್ಕಳು ಗಮನಿಸಿ: ಸೋರಿಯಾಸಿಸ್‌ಗೆ ಕೊಡೋ ಇನ್ನೊಂದು ಮಾತ್ರೆ ಅಸಿಟ್ರೆಟಿನ್ ಜೊತೆ ಮದ್ಯ ಸೇರಿದರೆ ಅದು ಎಟ್ರೆಟಿನೇಟ್ ಅನ್ನೋ ರಾಸಾಯನಿಕ ಆಗಿ ಮೈಯ ಕೊಬ್ಬಿನಲ್ಲಿ ಬಹಳ ಕಾಲ ಉಳಿಯುತ್ತೆ, ಗರ್ಭದ ಮಗುವಿಗೆ ಅಪಾಯ. ಆ ಮಾತ್ರೆ ಬಿಟ್ಟ ಮೇಲೂ 3 ವರ್ಷ ಗರ್ಭ ಧರಿಸಬಾರದು.

ಸಿಗರೇಟು ಉರಿಯೂತ ಹೆಚ್ಚಿಸುತ್ತಂತೆ. ಅಂಗೈ ಅಂಗಾಲಲ್ಲಿ ಕೀವುಗುಳ್ಳೆ ಬರೋ ಬಗೆಯ ಸೋರಿಯಾಸಿಸ್ ಇರೋರಲ್ಲಿ ಬಹುಪಾಲು ಸೇದುವವರೇ. ಮುಂದೆ ಅಡಾಲಿಮುಮಾಬ್‌ನಂಥ ದುಬಾರಿ ಇಂಜೆಕ್ಷನ್ ಬೇಕಾದರೆ, ಸೇದುವವರಿಗೆ ಅದರ ಪರಿಣಾಮವೂ ಕಡಿಮೆ ಇರುತ್ತಂತೆ. ಈ ಮಾತು ಅಣ್ಣನಿಗೆ ನಾಟಿತು. ತಂಬಾಕು ಬಿಡಿಸೋ ಸರ್ಕಾರದ ಉಚಿತ ಸಹಾಯವಾಣಿ 1800-112-356ಕ್ಕೆ ತಾನೇ ಫೋನ್ ಮಾಡಿದ, ಕನ್ನಡದಲ್ಲೇ ಮಾತಾಡಿದ್ರು.

ದಿನಾ ಕುಡಿಯುವವರು ಡಾಕ್ಟರನ್ನು ಕೇಳದೆ ಏಕಾಏಕಿ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ಅಣ್ಣನ ಮುಂದಿನ ಲಿವರ್ ರಿಪೋರ್ಟ್ ಬಂದಮೇಲೆ ಮತ್ತೆ ಬರೀತೀನಿ.