ಬೆನ್ನುಹುರಿಗೆ ಪೆಟ್ಟಾದವರ ಕಾಲು ಊದಿದರೆ ಡಾಪ್ಲರ್ ಯಾವಾಗ?

ಪ್ರಶ್ನೆ (ಮದ್ದೂರು): ಡಾಕ್ಟ್ರೇ, ನಮ್ಮ ಭಾವ ತೆಂಗಿನಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಆಪರೇಷನ್ ಆಗಿ ಮೂರು ವಾರ. ರಕ್ತ ಹೆಪ್ಪುಗಟ್ಟದಿರಲಿ ಅಂತ ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್ ಮನೆಗೆ ಬಂದ ಮೇಲೆ ನಾಲ್ಕು ದಿನದಿಂದ ತಪ್ಪಿದೆ. ಎಡಗಾಲು ದಪ್ಪ ಕಾಣ್ತಿದೆ, ನೋವಿಲ್ಲ ಅಂತಾರೆ. ಎಣ್ಣೆ ಹಚ್ಚಿ ತಿಕ್ಕಬಹುದಾ?

ಉತ್ತರ (ರೇಡಿಯಾಲಜಿ ವೈದ್ಯರು, ಮೈಸೂರು): ತಿಕ್ಕಲೇಬೇಡಿ. ಒಳಗೆ ಹೆಪ್ಪುಗಟ್ಟಿದ ರಕ್ತ ಇದ್ದರೆ ಕಳಚಿ ಶ್ವಾಸಕೋಶಕ್ಕೆ ಹೋದೀತು. ಮಂಡ್ಯದ ಮಿಮ್ಸ್ ಆಗಲಿ, ಮೈಸೂರಿನ ಕೆ.ಆರ್. ಆಸ್ಪತ್ರೆ ಆಗಲಿ, ಇವತ್ತೇ ಕರೆದೊಯ್ದು ಡಾಪ್ಲರ್, ಅಂದರೆ ರಕ್ತನಾಳ ನೋಡುವ ಅಲ್ಟ್ರಾಸೌಂಡ್ ಸ್ಕ್ಯಾನ್, ಮಾಡಿಸಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕಫದಲ್ಲಿ ರಕ್ತ ಕಂಡರೆ 108ಕ್ಕೆ ಫೋನ್ ಮಾಡಿ. ನೋವಿಲ್ಲ ಅನ್ನೋ ಮಾತನ್ನು ನಂಬಬೇಡಿ, ಸ್ಪರ್ಶವೇ ತಿಳಿಯದ ಕಾಲು ನೋವು ಹೇಗೆ ಹೇಳೀತು?

ಮಂಡಿಚಿಪ್ಪಿನ ಕೆಳಗೆ ಕೈಗೆ ಸಿಗುವ ಮೂಳೆಯ ಉಬ್ಬಿನಿಂದ 10 ಸೆಂ.ಮೀ. ಕೆಳಗೆ ಎರಡೂ ಮೀನಖಂಡಕ್ಕೆ ಟೇಪು ಸುತ್ತಿ. 3 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅನುಮಾನ ಬಲ. ಕಡಿಮೆ ಬಂದರೂ ಹೊಸ ಊತಕ್ಕೆ ಸ್ಕ್ಯಾನ್ ಬೇಕು. ಹೆಪ್ಪಿನ ಸುಳಿವು ಕೊಡುವ ಡಿ-ಡೈಮರ್ ರಕ್ತಪರೀಕ್ಷೆ ಆಪರೇಷನ್ ಆದವರಲ್ಲಿ ಹೇಗೂ ಹೆಚ್ಚೇ ಇರುತ್ತದೆ, ಅದನ್ನು ನೆಚ್ಚಿ ಕೂರಬೇಡಿ.

ಸ್ಕ್ಯಾನಿಗೆ ಉಪವಾಸ ಬೇಡ, ಮೂತ್ರದ ನಳಿಕೆ (ಕ್ಯಾತಿಟರ್) ತೆಗೆಯೋದೂ ಬೇಡ, ಪಂಚೆ ಉಡಿಸಿದರೆ ಸಲೀಸು. ತೊಡೆಸಂದಿನಿಂದ ಮಂಡಿಯ ಹಿಂಭಾಗದವರೆಗೆ ಸುಮಾರು 2 ಸೆಂ.ಮೀ.ಗೊಮ್ಮೆ ಸ್ಕ್ಯಾನಿನ ಕೈಸಾಧನ ಪ್ರೋಬಿನಿಂದ ಒತ್ತಿ ನೋಡುತ್ತೇವೆ. ಒಳ್ಳೆಯ ಅಭಿಧಮನಿ ಒತ್ತಿದರೆ ಪೂರ್ತಿ ಚಪ್ಪಟೆಯಾಗುತ್ತದೆ, ಹೆಪ್ಪು ಇದ್ದರೆ ಆಗುವುದಿಲ್ಲ. ತಣ್ಣನೆ ಜೆಲ್ ತಾಗಿದರೆ ಕೆಲವರ ಕಾಲು ಸೆಟೆದುಕೊಳ್ಳುತ್ತದೆ, ಜೆಲ್ ಬಿಸಿಮಾಡಿ ಹಾಕಿ ಅಂತ ಕೇಳಿ. ಹೊಟ್ಟೆಯೊಳಗಿನ ನಾಳವನ್ನು ಒತ್ತಲು ಆಗೋದಿಲ್ಲ. ಮೀನಖಂಡದ ಸಣ್ಣ ನಾಳಗಳೂ ಊತದಲ್ಲಿ ಸರಿಯಾಗಿ ಕಾಣೋದಿಲ್ಲ. ಆದ್ದರಿಂದ ನಾರ್ಮಲ್ ಬಂದರೂ ಊತ ಇಳಿಯದಿದ್ದರೆ ವಾರದೊಳಗೆ ಮತ್ತೊಂದು ಮಾಡಿಸಿ. ರಿಪೋರ್ಟಿನಲ್ಲಿ ‘ಸೂಪರ್‌ಫಿಶಿಯಲ್ ಫೆಮೊರಲ್ ವೇನ್’ ಅಂತ ಬರೆದಿದ್ದರೆ ಚರ್ಮದ ಕೆಳಗಿನ ನಾಳ ಅಂತ ಉದಾಸೀನ ಮಾಡಬೇಡಿ. ಹೆಸರು ಹಾಗೆ, ನಾಳ ಮಾತ್ರ ಆಳದ್ದೇ. ಎಷ್ಟೋ ಜನ ಮೋಸಹೋಗಿದ್ದಾರೆ.

ಪ್ರಶ್ನೆ (ಫಿಸಿಯೋ, ಮಂಡ್ಯ): ಸರ್, ಊತ ಇಲ್ಲದವರಿಗೂ ವಾರವಾರ ಡಾಪ್ಲರ್ ಬೇಕೇ? ಹೆಪ್ಪು ಸಿಕ್ಕರೆ ವ್ಯಾಯಾಮ?

ಉತ್ತರ: ಲಕ್ಷಣವಿಲ್ಲದವರಿಗೆ ವಾಡಿಕೆಯಾಗಿ ಮಾಡುವುದು ಬೇಡ ಅಂತಲೇ ಅಮೆರಿಕದ ಬೆನ್ನುಹುರಿ ತಜ್ಞರ ಒಕ್ಕೂಟದ 2016ರ ಮಾರ್ಗಸೂಚಿ ಹೇಳುತ್ತದೆ. ನನ್ನ ಮಾತೂ ಅದೇ. ಸ್ಕ್ಯಾನಿನ ದುಡ್ಡಿಗಿಂತ ಇಂಜೆಕ್ಷನ್ ತಪ್ಪದಂತೆ ನೋಡುವುದು ಮುಖ್ಯ. ಓಡಾಟ ಇಲ್ಲದವರಿಗೆ ಕನಿಷ್ಠ 8 ವಾರ ಬೇಕು, ಡಿಸ್ಚಾರ್ಜ್ ಚೀಟಿಯಲ್ಲಿ ಆ ಸಾಲು ಬಿಟ್ಟುಹೋಗೋದೇ ಹೆಚ್ಚು. ಊತ, ಕಾರಣ ಸಿಗದ ಜ್ವರ, ಎದೆಮಟ್ಟಕ್ಕೆ ಅಥವಾ ಅದರ ಮೇಲೆ ಪೆಟ್ಟಾದವರಲ್ಲಿ ದಿಢೀರ್ ಬಿಪಿ ಏರಿಕೆ, ಇವು ಕಂಡರೆ ಸ್ಕ್ಯಾನಿಗೆ ತಡ ಬೇಡ. ಸ್ಕ್ಯಾನ್ ಶುದ್ಧವಾಗಿದ್ದು ತೊಡೆಸಂದು ಬಿಸಿಯಾಗಿ ಬಿಗಿದಿದ್ದರೆ, ಕೀಲಿನ ಸುತ್ತ ಹೊಸ ಮೂಳೆ ಬೆಳೆಯುತ್ತಿದೆಯೇ ಎಂದು ನೋಡಿಸಿ.

ಹೆಪ್ಪು ಖಚಿತವಾದರೆ ರಕ್ತ ತೆಳುವಾಗಿಸುವ ಔಷಧಿ ಪೂರ್ಣ ಪ್ರಮಾಣದಲ್ಲಿ ಶುರುವಾಗಿ ವೈದ್ಯರು ಒಪ್ಪುವವರೆಗೆ ಆ ಕಾಲಿನ ವ್ಯಾಯಾಮ ನಿಲ್ಲಿಸಿ. ಗಾಳಿ ಪಂಪಿನ ಕಾಲುಪಟ್ಟಿಯನ್ನೂ ಬಿಚ್ಚಿಡಿ. ಕೈಗಳ ವ್ಯಾಯಾಮ ನಡೆಯಲಿ.